ಪೆಟ್ರೋಲ್ ಬಾಯಿ

ಮೊಣಕೈ ಮಡಿಕೆಯ ಮೇಲೆ ತಣ್ಣಗೆ ಏನೋ ಸವರಿದಂತಾಯಿತು, ಸ್ಪಿರಿಟ್ಟು, ಒಂದು ತುಂಡು ಹತ್ತಿ, ಆ ವಾಸನೆ ಮೂಗಿಗೆ ಬಡಿದದ್ದೇ ತಡ ನಾಲಿಗೆಯ ಬುಡದಲ್ಲಿ ಪೆಟ್ರೋಲಿನ ರುಚಿ ಎದ್ದಿತು — ಸೈನ್ಯ ಬಿಟ್ಟು ಮೀಸೆ ಬೆಳ್ಳಗಾದ ಮೇಲೂ — ಮುಷ್ಟಿ ಬಿಗಿ ಹಿಡೀರಿ ಅಂಕಲ್, ನರ್ಸಮ್ಮ ಹೇಳುತ್ತಿದ್ದಾಳೆ, ಹಿಡಿದಿದ್ದೇನೆ ತಾಯಿ, ಇನ್ನೆಷ್ಟು ಬಿಗಿ ಹಿಡಿಯಲಿ, ನರವೇ ಹೆದರಿ ಒಳಗೆ ಕೂತಿದೆ, ಅದಕ್ಕಿರುವ ಬುದ್ಧಿ ನನಗಿಲ್ಲ, ಮಗಳು ಕರೆದಳೆಂದು ಎದ್ದು ಬಂದೆ. ಬಾಗಿಲ ಹತ್ತಿರ ನಿಂತಿದ್ದಾಳೆ, ನನ್ನ ಚಪ್ಪಲಿಯನ್ನೇ ನೋಡುತ್ತಾ, ಅವಳಿಗೂ ಭಯ. ಅವಳೇ ಅಂದದ್ದು, ಅಪ್ಪಾ, ಈ ಟೆಸ್ಟು ಸೈನ್ಯದಲ್ಲಿದ್ದೋರಿಗೇ ಅಂತ ಮಾಡ್ತಿದ್ದಾರೆ, ಬರೀ ರಕ್ತ ಕೊಟ್ರೆ ಸಾಕು, ಕ್ಯಾನ್ಸರ್ ಇದ್ರೆ ಗಂಟು ಕಾಣಿಸೋಕೆ ಮುಂಚೆನೇ ಸುಳಿವು ಸಿಗಬಹುದಂತೆ. ಸಿಗಬಹುದಂತೆ! ಹೊಟ್ಟೆ ತುಂಬ ಉಣ್ಣುತ್ತೇನೆ, ಮೆಟ್ಟಿಲು ಹತ್ತುತ್ತೇನೆ, ಒಂದು ತಲೆನೋವೂ ಇಲ್ಲ, ಅಂಥವನ ಒಳಗೆ ಕೈಹಾಕಿ ಹುಡುಕುವುದೆಂದರೆ — ಉದ್ದಣ್ಣನಿಗೂ ನೋವಿರಲಿಲ್ಲ, ನನ್ನ ಜೊತೆ ಸೈನ್ಯದ ಲಾರಿ ರಿಪೇರಿ ಮಾಡುತ್ತಿದ್ದವನು, ಬಾಗಿಲಿಗೆ ತಲೆ ತಾಗುವ ಆಳು, ಸುಸ್ತು ಕಣೋ, ಅಷ್ಟೇ ಅಂದ, ಗೊತ್ತಾಗುವ ಹೊತ್ತಿಗೆ ಕ್ಯಾನ್ಸರಿಗೆ ರಕ್ತವೆಲ್ಲ ಕೆಟ್ಟಿತ್ತು, ಪೆಟ್ರೋಲಿನಿಂದಲೂ ಬರಬಹುದು ಎಂದರಂತೆ ಡಾಕ್ಟರು, ಕೊನೆಗೆ ಹಾಸಿಗೆಯಲ್ಲಿ ಮಗುವಿನಷ್ಟಾಗಿದ್ದ.

ಇಬ್ಬರೂ ಒಂದೇ ಕೊಳವೆಗೆ ಬಾಯಿಟ್ಟವರು. ಕೆಟ್ಟು ನಿಂತ ಲಾರಿಯ ಟ್ಯಾಂಕಿಗೆ ತೆಳು ಕೊಳವೆ ಇಳಿಬಿಟ್ಟು ಈ ತುದಿಯಿಂದ ಉಸಿರೆಳೆಯುವುದು, ಪೆಟ್ರೋಲು ಬೆಳಕಿಗೆ ಹೊಳೆಯುತ್ತಾ ಏರುತ್ತದೆ, ಕೊಳವೆ ಬಾಗಿದ ಕಡೆ ಬಂದ ಕೂಡಲೇ ತುಟಿ ಬಿಡಿಸಿ ಡಬ್ಬಕ್ಕೆ ಹರಿಸಬೇಕು, ಕ್ಷಣ ತಡವಾದರೆ ಬಾಯಿ ತುಂಬ — ಉಗಿದು, ನಕ್ಕು, ಮತ್ತೆ ಎಳೆಯುತ್ತಿದ್ದೆವು, ಗ್ರೀಸು ಮೆತ್ತಿದ ಕೈಯನ್ನೂ ಅದರಲ್ಲೇ ತೊಳೆದು ಅದೇ ಕೈಯಲ್ಲಿ ಉಣ್ಣುತ್ತಿದ್ದೆವು. ರಜೆಗೆ ಬಂದರೆ ಹೆಂಡತಿ ಮೂಗು ಮುಚ್ಚಿಕೊಂಡು, ಬಂದ್ರಾ ಪೆಟ್ರೋಲ್ ಬಾಯಿ ಸಾಹೇಬ್ರು, ಒಲೆಯಿಂದ ದೂರ ನಿಂತ್ಕೊಂಡು ಮಾತಾಡಿ, ಮನೆ ಹತ್ಕೊಂಡ್ಬಿಟ್ಟೀತು. ಎಷ್ಟು ನಗು ಆಗ. ಇವತ್ತು ಬೆಳಿಗ್ಗೆ ನಗಲಿಲ್ಲ, ಅಂಗಿಯ ಗುಂಡಿ ಹಾಕಿಕೊಡುತ್ತಾ ಏನೂ ಇರಲ್ಲ ಬಿಡಿ ಎಂದಳು. ಎಷ್ಟು ಸಲ ತಡವಾಗಿತ್ತು, ಎಷ್ಟು ಒಳಗೆ ಹೋಗಿತ್ತು, ಯಾರು ನೆನಪಿಟ್ಟಿದ್ದಾರೆ, ರಕ್ತ ಇಟ್ಟಿರಬಹುದು. ಎದ್ದುಬಿಡಲೇ — ನಾಳೆ ಬರ್ತೀನಮ್ಮ ಅಂದರೆ ಯಾರು ಹಿಡಿದಾರು, ಗುಂಡು ಹಾರುವಾಗ ಲಾರಿಯಡಿ ಮಲಗಿ ಬೋಲ್ಟು ಬಿಗಿದವನು ಸೂಜಿಗೆ ಹೆದರಿದ ಎಂದು ನಗಲಿ, ಸೂಜಿಗಲ್ಲ ನನ್ನ ಹೆದರಿಕೆ, ಆಮೇಲೆ ಬರುವ ಫೋನಿಗೆ, ಮಗಳು ಅದನ್ನು ಕಿವಿಗಿಟ್ಟುಕೊಂಡೇ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದಕ್ಕೆ, ಆದರೆ ಎದ್ದು ಹೋದರೂ ಆ ರೋಗ ನನ್ನ ಜೊತೆಗೇ ಎದ್ದು ಬರುತ್ತದಲ್ಲ, ಇದ್ದರೆ, ಇಲ್ಲದಿದ್ದರೆ, ಅಯ್ಯೋ ಉದ್ದಣ್ಣ — ಸಿಕ್ತು ನರ, ಅಲ್ಲಾಡ್ಬೇಡಿ ಅಂಕಲ್ — ಚುರುಕ್ಕೆಂದಿತು, ಮಗಳು ಮುಖ ತಿರುಗಿಸಿದಳು, ನನಗೆ ತಿರುಗಿಸಲಾಗುತ್ತಿಲ್ಲ, ಸೂಜಿಯ ಹಿಂದೆ ತೆಳು ಕೊಳವೆ, ಬೆಳಕಿಗೆ ಹೊಳೆಯುವ ಕೊಳವೆ, ಒಳಗೆ ಏರುತ್ತಿದೆ, ಬಾಗಿದ ಕಡೆ ಬಂತು, ಈಗ ತುಟಿ ಬಿಡಿಸಬೇಕು, ಈಗ, ದಾಟಿತು, ತೆಳು ಕೊಳವೆಯಲ್ಲಿ ಕೆಂಪು, ಏರುತ್ತಿದೆ, ಕೊಳವೆಯಲ್ಲಿ ಕೆಂಪು