ಗಾಯವಿಲ್ಲದ ಕಾಲು

ಹೊನ್ನಾಳಿಯ ಬಸ್ ಸ್ಟ್ಯಾಂಡಿನ ಹಿಂದೆ ಷಣ್ಮುಖಪ್ಪನ ಖಾನಾವಳಿ. ಅದರ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಲೇ ಅವನ ಹೆಂಡತಿ ಸರ್ವಮಂಗಳಮ್ಮನ ವಯಸ್ಸು ಕಳೆದಿತ್ತು. ಎಡಗಾಲಿನ ಮೀನಖಂಡದ ಮೇಲೆ ನರಗಳು ಹಸಿರು ಹುರಿಯಂತೆ ಹೊಸೆದುಕೊಂಡು ಗಂಟುಗಂಟಾಗಿ ಎದ್ದಿದ್ದವು. ಸಂಜೆಯಾದರೆ ಆ ಕಾಲು ತನ್ನದಲ್ಲ, ಯಾರದೋ ಭಾರವನ್ನು ತನಗೆ ಕಟ್ಟಿ ಹೋಗಿದ್ದಾರೆ ಅನ್ನಿಸುತ್ತಿತ್ತು.

ಆದರೆ ಅವಳಿಗೆ ಯಾರಿಗೂ ಹೇಳದ ಒಂದು ಆಸೆಯಿತ್ತು. ಪಕ್ಕದ ಮನೆಯ ಪ್ರೇಮಲತಾಗೂ ಹಿಂದೊಮ್ಮೆ ಇದೇ ಕಾಯಿಲೆ ಬಂದು, ಆಗ ಕಾಲು ಕೊಯ್ದು ನರ ಎಳೆದು ತೆಗೆದಿದ್ದರು. ಒಂದು ತಿಂಗಳು ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಗಂಜಿ ಹಾಸಿಗೆಗೆ ಬಂತು, ಬಿಸಿನೀರು ಹಾಸಿಗೆಗೆ ಬಂತು. ಸರ್ವಮಂಗಳಮ್ಮ ನೋಡಲು ಹೋದವಳು ಆ ಬ್ಯಾಂಡೇಜನ್ನಲ್ಲ, ಆ ಹಾಸಿಗೆಯನ್ನೇ ನೋಡುತ್ತ ಕೂತಿದ್ದಳು. ಊರಿನ ಡಾಕ್ಟರು ತನಗೂ ಆಪರೇಷನ್ ಎಂದಾಗ ಹೆದರಿಕೆಯ ಅಡಿಯಲ್ಲಿ ಒಂದಿಷ್ಟು ನೆಮ್ಮದಿಯೂ ಇದ್ದದ್ದು ಅದಕ್ಕೇ.

ಶಿವಮೊಗ್ಗದ ಡಾಕ್ಟರಮ್ಮ ಸ್ಕ್ಯಾನ್ ಮಾಡಿ ನಕ್ಕರು. ಕೊಯ್ಯುವುದೇ ಇಲ್ಲ, ಲೇಸರ್ ಎಂದರು. ಸೂಜಿ ಚುಚ್ಚಿದಷ್ಟು ಜಾಗದಿಂದ ಕೂದಲಿನಂಥ ತಂತಿಯೊಂದನ್ನು ನರದೊಳಗೆ ಬಿಟ್ಟು, ಒಳಗಿಂದಲೇ ಕಾಯಿಸಿ ಮುಚ್ಚುವುದಂತೆ. "ಸಂಜೆಗೆ ನೀವೇ ನಡ್ಕೊಂಡು ಮನೆಗೆ ಹೋಗ್ತೀರಿ ಅಮ್ಮ" ಎಂದಾಗ ಷಣ್ಮುಖಪ್ಪ ಕೈಮುಗಿದ. ಸರ್ವಮಂಗಳಮ್ಮನ ಮನಸ್ಸಿನಲ್ಲಿದ್ದ ಹಾಸಿಗೆಯನ್ನು ಯಾರೋ ಸುತ್ತಿ ಅಟ್ಟಕ್ಕೆ ಹಾಕಿದಂತಾಯಿತು.

ಕಾಲಿಗೆ ಮಾತ್ರ ಮರಗಟ್ಟಿಸುವ ಸೂಜಿ ಕೊಟ್ಟರು. ಎಚ್ಚರ ಇರುತ್ತದೆ ಎಂದಿದ್ದರು. ಅವಳು ಕಣ್ಣು ಮುಚ್ಚಿ ಶಿವಾಯ ನಮಃ ಎನ್ನುತ್ತ ಮಲಗಿದಳು. ಆ ತಂಪು ಕೋಣೆಯಲ್ಲಿ ಯಾರೂ ಅವಳಿಂದ ಏನನ್ನೂ ಕೇಳಲಿಲ್ಲ. ಜಪ ಎಲ್ಲಿ ನಿಂತಿತೋ ತಿಳಿಯದು, "ಮುಗೀತು, ಏಳಿ" ಎಂದು ನರ್ಸ್ ಭುಜ ತಟ್ಟಿದಾಗಲೇ ಗೊತ್ತಾದದ್ದು, ತಾನು ಗೊರಕೆ ಹೊಡೆಯುತ್ತಿದ್ದೆ ಎಂದು. ಇನ್ನೊಂದು ಕಾಲಿಗೂ ಮಾಡಬಾರದೇ ಅನ್ನಿಸಿತು.

ತೊಡೆಯವರೆಗೆ ಬಿಗಿಯಾದ ಕಾಲುಚೀಲ ಹಾಕಿ ಡಾಕ್ಟರಮ್ಮ ಎರಡು ಮಾತು ಹೇಳಿದರು: ದಿನಾ ನಡೆಯಬೇಕು, ಒಂದೇ ಕಡೆ ನಿಲ್ಲಬಾರದು. ಷಣ್ಮುಖಪ್ಪ ಕೆಟ್ಟವನಲ್ಲ, ಒಂದು ವಾರ ಖಾನಾವಳಿಗೆ ರೊಟ್ಟಿಯನ್ನು ಬೇರೆ ಮನೆಯಿಂದ ತರಿಸಲು ಗೊತ್ತು ಮಾಡಿದ. ಆದರೆ ಊರೂರಿಗೆ ಫೋನ್ ಹಚ್ಚಿ ಹೇಳುವಾಗ ಅವನ ಬಾಯಲ್ಲಿ ಉಳಿದದ್ದು ಮೊದಲನೆಯ ಮಾತೊಂದೇ. "ನಡ್ಕಂಡೇ ಬಂದ್ಲು ಕಣ್ರೀ, ಏನೂ ಆಗಿಲ್ಲ ಅನ್ನಂಗೆ ಅದಾಳೆ."

ಮರುದಿನದಿಂದ ಮಾತಾಡಿಸಲು ಬರುವವರು ಶುರುವಾದರು. ಆಪರೇಷನ್ ಆದವರನ್ನು ನೋಡಲು ಹೋಗದೆ ಇರುವಂತಿಲ್ಲ, ಬಂದವರನ್ನು ಬರಿಬಾಯಲ್ಲಿ ಕಳಿಸುವಂತಿಲ್ಲ. ಚನ್ನಗಿರಿಯವರು ಬ್ರೆಡ್ಡು ತಂದರು, ನ್ಯಾಮತಿಯವರು ಮೂಸಂಬಿ ತಂದರು. ಗಾಯ ಎಲ್ಲಿ ಎಂದು ಕೇಳಿದವರಿಗೆಲ್ಲ ಅವಳು ಸೀರೆಯಂಚು ಎತ್ತಿ ಕಾಲುಚೀಲ ತೋರಿಸಿದಳು. ಹೊಲಿಗೆಯೂ ಇಲ್ಲ, ರಕ್ತವೂ ಇಲ್ಲ. ಇಷ್ಟೇನಾ ಎಂದು ಅವರ ಮುಖ ಚಿಕ್ಕದಾಯಿತು. ಆಮೇಲೆ ಅವಳೇ ಎದ್ದು ಅವರಿಗೆಲ್ಲ ಟೀ ಮಾಡಿದಳು. ರೊಟ್ಟಿಯ ಒಲೆಯಿಂದ ಟೀ ಒಲೆಗೆ ಬಂದದ್ದಷ್ಟೇ ಅವಳ ವಿಶ್ರಾಂತಿ.

ವಾರ ಮುಗಿಯುವ ಹೊತ್ತಿಗೆ ಜಗಳೂರಿನಿಂದ ಅತ್ತಿಗೆ ಬಂದಳು. ಷಣ್ಮುಖಪ್ಪನ ಅಕ್ಕ, ಎಲ್ಲರ ಬಾಯಲ್ಲೂ ದೊಡ್ಡಕ್ಕ. ಅಡುಗೆಮನೆಯ ಬಾಗಿಲಿಗೆ ಒರಗಿ, "ಸುಮ್ನೆ ತ್ರಾಸು ತಗಬ್ಯಾಡ ಮಂಗಳಾ, ಒಂದಿಷ್ಟು ಉಪ್ಪಿಟ್ಟು ಮಾಡ್ಬಿಡು, ಸಾಕು" ಎಂದಳು. ಸರ್ವಮಂಗಳಮ್ಮ ರವೆ ಹುರಿದಳು. ಕಾಲುಚೀಲದೊಳಗೆ ಕಾಲು ಮಿಡಿಯುತ್ತಿತ್ತು. ನಾಳೆಯಿಂದ ಮತ್ತೆ ಖಾನಾವಳಿ. ತಿರುವುತ್ತ ತಿರುವುತ್ತ ಕಣ್ಣು ತುಂಬಿತು, ಅದು ಅಳು ಕೂಡ ಆಗಿರಲಿಲ್ಲ, ಬರೀ ಸುಸ್ತು.

ಉಪ್ಪಿಟ್ಟು ಇಳಿಸಿ, ದೊಡ್ಡಕ್ಕನ ಟೀಗೆ ಹಾಲು ಇಟ್ಟಿದ್ದಳು. ಅಷ್ಟರಲ್ಲಿ ಬಾಗಿಲಿಗೆ ಜೀಪೊಂದು ಬಂದು ನಿಂತಿತು. ಗೋವಿನಕೋವಿಯ ನೆಂಟರು, ಜೀಪು ತುಂಬ. ಪಡಸಾಲೆಯಿಂದ ಷಣ್ಮುಖಪ್ಪ ಕೂಗಿದ, ಇನ್ನೊಂದು ಸೇರು ಹಾಲು ಇಡು ಎಂದು.

ಅವಳು ಒಲೆ ಆರಿಸಿದಳು. ಪಡಸಾಲೆಗೆ ಬಂದು ಎಲ್ಲರಿಗೂ ಕೈಮುಗಿದು, ಮೂಲೆಯಲ್ಲಿದ್ದ ಚಪ್ಪಲಿ ಮೆಟ್ಟಿದಳು.

"ಡಾಕ್ಟ್ರು ನಡೀಬೇಕು ಅಂದಾರೆ. ನಡೆಯಾಕೆ ಹೋಗ್ತೀನಿ."

"ಈಗ್ಲೇನಾ? ಮತ್ತೆ ಟೀ?" ಎಂದ ಷಣ್ಮುಖಪ್ಪ.

"ನಿಂತ್ಕಂಡು ಮಾಡೋ ಕೆಲ್ಸ ಬ್ಯಾಡ ಅಂತಾನೂ ಅಂದಾರೆ. ನೀವೂ ಅಲ್ಲೇ ಇದ್ರಲ್ರೀ."

ದೊಡ್ಡಕ್ಕನೇ ತಮ್ಮನಿಗೆ ಚುಚ್ಚಿದಳು: "ಹೋಗ್ಲಿ ಬಿಡೋ. ಖಾನಾವಳಿ ಸಾಹುಕಾರಂಗೆ ಒಂದ್ ಟೀ ಕಾಸಾಕೆ ಬರಾದಿಲ್ವಾ?" ಆದರೂ ತಾನು ಕೂತಲ್ಲಿಂದ ಏಳಲಿಲ್ಲ.

ಸರ್ವಮಂಗಳಮ್ಮ ಹೊಳೆಯ ಕಡೆ ನಡೆದಳು. ನಡೆದಂತೆ ಕಾಲಿನ ಬಿಗಿ ಸಡಿಲಾಯಿತು. ಮಲಗಬೇಕೆಂದು ಹಂಬಲಿಸಿದವಳಿಗೆ ನಡೆಯುವುದರಲ್ಲಿ ಮಾತ್ರ ಬಿಡುವು ಸಿಕ್ಕಿತ್ತು. ಇರಲಿ, ಇದಾದರೂ ಸಿಕ್ಕಿತಲ್ಲ ಅಂದುಕೊಂಡಳು. ಸೇತುವೆಯ ತುದಿಯವರೆಗೆ ಹೋಗಿ, ನೀರು ನೋಡಿ, ಹಿಂದಿರುಗಿದಳು.

ಮನೆಯ ಮುಂದೆ ಜೀಪು ಇನ್ನೂ ನಿಂತೇ ಇತ್ತು. ಒಳಗಿಂದ ಹಾಲು ಉಕ್ಕಿ ಸೀದ ವಾಸನೆ ಬಂತು. ಕೈ ತಾನಾಗಿ ಸೆರಗು ಸಿಕ್ಕಿಸಿಕೊಳ್ಳಲು ಹೋಯಿತು.

ಸೆರಗನ್ನು ಬಿಟ್ಟು, ಅವಳು ಮತ್ತೆ ಹೊಳೆಯ ಕಡೆಗೇ ತಿರುಗಿದಳು.