ಇದು ಆ ದಮ್ಮಲ್ಲ

ಚಳಿ ಶುರುವಾಯಿತೆಂದರೆ ತುರ್ತು ವಿಭಾಗದ ಬಾಗಿಲ ಪಕ್ಕದ ಬೆಂಚು ದಮ್ಮಿನವರದ್ದು. ಬೇಸಿಗೆಯಲ್ಲಿ ಅದರ ಮೇಲೆ ವಾಂತಿಭೇದಿಯವರು, ಮಳೆಗಾಲದಲ್ಲಿ ಜ್ವರದವರು. ಈ ಆಸ್ಪತ್ರೆಯವರು ರೋಗಿಯ ಮುಖ ನೋಡುವುದಿಲ್ಲ, ತಿಂಗಳು ನೋಡುತ್ತಾರೆ. ನನ್ನಮ್ಮ ಪ್ರತಿ ಚಳಿಗಾಲವೂ ಇಲ್ಲಿಗೆ ಬರುವವಳು. ಅವಳನ್ನು ಹೆಗಲಿಗೆ ಆನಿಸಿಕೊಂಡು ಒಳಗೆ ಕಾಲಿಟ್ಟ ಕೂಡಲೇ ನರ್ಸ್ ದಮ್ಮಿನ ಔಷಧಿಯ ಮಾಸ್ಕ್ ಹಿಡಿದು ಬಂದಳು.

"ಬಂದ್ರಾ ಅಮ್ಮಾ? ಇನ್ನೂ ಯಾಕೆ ಕಾಣ್ಲಿಲ್ಲ ಅಂದ್ಕೊಂಡೆ. ಕೂತ್ಕೊಳ್ಳಿ, ನಿಧಾನಕ್ಕೆ ಉಸಿರು ಎಳ್ಕೊಳ್ಳಿ."

"ಸಿಸ್ಟರ್, ಇದು ಆ ದಮ್ಮಲ್ಲ. ಕೆಮ್ಮೇ ಇಲ್ಲ. ಎದೆ ಹಿಂಡ್ತಿದೆ ಅಂತಾಳೆ. ಇಷ್ಟು ಚಳೀಲಿ ಬೆವರ್ತಿದಾಳೆ, ಮುಟ್ಟಿ ನೋಡಿ."

"ಈ ಸೀಸನ್ನಲ್ಲಿ ಎಲ್ರಿಗೂ ಹಿಂಡುತ್ತಪ್ಪಾ. ಸರದಿ ಬರ್ಲಿ."

ನಮಗಿಂತ ಮುಂಚೆ ಬೆಂಚು ತುಂಬ ಜನ. ಅಮ್ಮನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಅಪಘಾತದವರಿಗೆ ಮಾತ್ರ ಕಾಲ ಗೀಲ ಏನಿಲ್ಲ. ಅವರನ್ನು ನೇರ ಒಳಗೆ ಒಯ್ಯುತ್ತಾರೆ. ನರ್ಸ್ ಇನ್ನೊಬ್ಬರ ಮೂಗಿಗೆ ಮಾಸ್ಕ್ ಕಟ್ಟಲು ಅತ್ತ ತಿರುಗಿದ್ದೇ ತಡ, ಅಮ್ಮನನ್ನು ಎತ್ತಿಕೊಂಡು ಒಳಗೆ ನುಗ್ಗಿದೆ.

"ಆಕ್ಸಿಡೆಂಟ್! ಬೈಕ್ ಗುದ್ದಿದೆ! ದಾರಿ ಬಿಡಿ!"

ಹುಡುಗ ಡಾಕ್ಟರೊಬ್ಬ ಓಡಿ ಬಂದ. ಬಾಗಿಲಲ್ಲಿದ್ದ ಪೊಲೀಸಪ್ಪನೂ ಬಂದ.

"ಯಾವ ಬೈಕೂ ಇಲ್ಲ ಡಾಕ್ಟ್ರೇ," ಏದುಸಿರಿನಲ್ಲೇ ಅಮ್ಮ ನನ್ನ ಮಾನ ತೆಗೆದಳು. "ಇವನಿಗೆ ತಲೆ ಕೆಟ್ಟಿದೆ."

"ಪೆಟ್ಟು ಬಿದ್ದು ಏನೇನೋ ಮಾತಾಡ್ತಿದಾಳೆ ಸಾರ್, ಎದೆಗೇ ಬಿದ್ದಿದೆ!"

"ಗುದ್ದಿದ್ದು ಯಾರು?" ಪೊಲೀಸಪ್ಪ ನನ್ನ ರಟ್ಟೆ ಹಿಡಿದ.

"ನಾನೇ."

ಡಾಕ್ಟರ್ ಅವಳ ಎದೆಗೆ ವೈರುಗಳನ್ನು ಅಂಟಿಸಿದ. ಯಂತ್ರದಿಂದ ಬಂದ ಕಾಗದ ನೋಡಿದವನೇ ಪೆಟ್ಟಿನ ಮಾತು ಬಿಟ್ಟ.

"ಹಾರ್ಟ್ ಅಟ್ಯಾಕ್! ದೊಡ್ಡ ಡಾಕ್ಟ್ರನ್ನ ಕರೀರಿ, ಬೇಗ!"

ಗಾಲಿ ಮಂಚ ಉರುಳಿತು. "ಅವನನ್ನ ಹೊಡೀಬೇಡಿ ಸಾರ್," ಹೋಗುತ್ತ ಹೋಗುತ್ತ ಅಮ್ಮ ಗೊಣಗಿದಳು, "ಅವನ ಹತ್ರ ಸೈಕಲ್ಲೂ ಇಲ್ಲ."

ಬಾಗಿಲು ಮುಚ್ಚಿಕೊಂಡಿತು.

"ಗಾಡೀನೇ ಇಲ್ದೆ ಗುದ್ದಿದ್ಯೇನೋ?" ಪೊಲೀಸಪ್ಪ ಕಣ್ಣು ಕೆಂಪಗೆ ಮಾಡಿದ. "ಸುಳ್ಳು ಹೇಳಿದ್ದಕ್ಕೆ ಒಳಗೆ ಹಾಕ್ಲಾ?"

"ಹಾಕಿ. ಅವಳು ಉಸಿರಾಡ್ತಿದಾಳೆ ಅಂತ ಯಾರಾದ್ರೂ ಬಂದು ಹೇಳ್ಲಿ, ಆಮೇಲೆ ಎಲ್ಲಿಗೆ ಕರೆದ್ರೂ ಬರ್ತೀನಿ."

ಅವನು ರಟ್ಟೆ ಬಿಡಲಿಲ್ಲ. ನಾನು ಬಾಗಿಲ ಮುಂದೆ ಅತ್ತಿಂದಿತ್ತ ತಿರುಗುತ್ತಿದ್ದೆ, ನನ್ನ ಜೊತೆ ಅವನೂ ತಿರುಗುತ್ತಿದ್ದ.

"ಒಂದ್ಕಡೆ ನಿಂತ್ಕೊಳೋ ಮಾರಾಯ, ನನಗೂ ತಲೆ ಸುತ್ತುತ್ತೆ."

ನಿಲ್ಲಲಾಗಲಿಲ್ಲ. ಗೋಡೆಗೆ ಒಮ್ಮೆ ಗುದ್ದಿದೆ. ಅವನು ಬೈಯಲಿಲ್ಲ.

ಕೊನೆಗೆ ಬಾಗಿಲು ಅರ್ಧ ತೆರೆದು ಹುಡುಗ ಡಾಕ್ಟರ್ ಇಣುಕಿದ. "ಜೀವಕ್ಕೆ ಸದ್ಯ ಭಯ ಇಲ್ಲ. ಅವರ ಮಗ ಯಾರು?"

ನಾನು ಅವನ ಹೆಗಲ ಮೇಲಿಂದ ಒಳಗೆ ಅಮ್ಮನ ಮಂಚ ಹುಡುಕುತ್ತಿದ್ದೆ. ಪೊಲೀಸಪ್ಪ ತಾನು ಹಿಡಿದಿದ್ದ ನನ್ನ ರಟ್ಟೆಯನ್ನೇ ಮೇಲೆತ್ತಿ, "ಇವನೇ" ಎಂದ.