ತೆರೆಗೆ ಬೆನ್ನು ಹಾಕಿ ಕೂತ ಏಕಾಂತಪ್ಪನವರು

ಸಿನಿಮಾಕ್ಕೆ ಹೋದವರು ತೆರೆಯ ಕಡೆ ಮುಖ ಮಾಡಿ ಕೂರುವುದು ಲೋಕಾರೂಢಿ. ಹಿರಿಯೂರಿನ ಶೇಂಗಾ ಮಂಡಿಯ ಏಕಾಂತಪ್ಪನವರು ಮಾತ್ರ ಮುಂದಿನ ಬೆಂಚಿನ ಮೇಲೆ ತಿರುಗಿ ಕೂತು, ತೆರೆಗೆ ಬೆನ್ನು ಹಾಕಿ, ಮಡಿಸಿದ ಕೊಡೆಯ ಹಿಡಿಯ ಮೇಲೆ ಎರಡೂ ಕೈ ಊರಿ, ನೆರೆದ ಜನವನ್ನೇ ನೋಡುತ್ತಿದ್ದರು. ಎಪ್ಪತ್ನಾಲ್ಕನೆಯ ಇಸವಿಯ ಬೇಸಿಗೆಯುದ್ದಕ್ಕೂ ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ಎಂದು ಊರೂರು ತಿರುಗಿ ಅವರು ಹೀಗೆ ಕೂತು ಬಂದರು. ಬೆನ್ನ ಹಿಂದೆ ನಾಯಕಿ ಗೋಳಾಡುತ್ತಿರಲಿ, ಖಳನ ಕುದುರೆ ಧೂಳೆಬ್ಬಿಸುತ್ತಿರಲಿ, ಅವರ ಕತ್ತು ಹೊರಳುತ್ತಿರಲಿಲ್ಲ.

ದುರ್ಗದಲ್ಲಿ ಒಬ್ಬ ತರುಣನಿಗೆ ಇದನ್ನು ಸಹಿಸಲಾಗಲಿಲ್ಲ. ಎದ್ದು ಬಂದು ಅವರ ಕೋಟಿನ ಕಾಲರಿಗೆ ಕೈಹಾಕಿ, "ವಯಸ್ಸಾಗೈತಲ್ಲ, ಹೆಂಗಸ್ರನ್ನ ನೋಡಾಕೆ ಟಿಕೀಟು ತಗಂಡು ಬಂದೀಯ?" ಎಂದು ಕೇಳಿದ. ಏಕಾಂತಪ್ಪನವರಿಗೆ ಸಿಟ್ಟು ಬರಲಿಲ್ಲ. "ಹೆಂಗಸ್ರನ್ನಲ್ಲಪ್ಪ, ಅವ್ರ ಮುಖದ ಮ್ಯಾಲೆ ಎಷ್ಟು ಬೆಳಕು ಬೀಳ್ತೈತೆ ಅಂತ ನೋಡ್ತಿದೀನಿ" ಎಂದು ಹೇಳಿ, ಕಾಲರು ಸರಿಮಾಡಿಕೊಂಡು, ಮತ್ತೆ ನೋಡುತ್ತಾ ಕೂತರಂತೆ. ಹುಚ್ಚನ ಜೊತೆ ಜಗಳವಾಡಿ ಫಲವಿಲ್ಲವೆಂದು ಆ ತರುಣ ತನ್ನ ಜಾಗಕ್ಕೆ ಹೋದ.

ಹುಚ್ಚಲ್ಲ, ಅದು ಅವರ ಕಸುಬಿನಿಂದ ಬಂದ ಬುದ್ಧಿ. ಧರ್ಮಪುರದ ಕಡೆಯಿಂದ ಗಾಡಿಗಳಲ್ಲಿ ಬರುವ ಶೇಂಗಾವನ್ನು ಅವರು ಚೀಲ ನೋಡಿ ಕೊಂಡವರಲ್ಲ. ಒಂದು ಕಾಯಿ ಒಡೆದು, ಬೀಜವನ್ನು ಎರಡು ಬೆರಳಲ್ಲಿ ಹಿಡಿದು, ಮಂಡಿಯ ಬಾಗಿಲಿಗೆ ಬಂದು ಬಿಸಿಲಿಗೆ ಎತ್ತುವರು. "ಬೆಳಕಿಗೆ ಹಿಡೀರಿ, ನೋಡಾಣ" ಎನ್ನುವುದು ಅವರ ಬಾಯಿಗೆ ಅಂಟಿಕೊಂಡ ಮಾತು. ನೋಟು, ಪಂಚೆ, ಮಠದವರು ಕಳಿಸಿದ ವಿಭೂತಿ ಗಟ್ಟಿ, ತಂಗಿಯ ಮಗಳಿಗೆ ಬಂದ ಗಂಡಿನ ಫೋಟೋ, ಎಲ್ಲಕ್ಕೂ ಅದೇ ಮಾತು. ಬೇಸಿಗೆಯಲ್ಲೂ ಬಿಚ್ಚದ ಕರಿಯ ಕೋಟು, ಬಲಗಾಲನ್ನು ಕೊಂಚ ಹೊರಚಾಚಿ ಅಳೆದಳೆದು ಇಡುವ ಹೆಜ್ಜೆ, ಕಾಲಲ್ಲಿ ಕಿರುಗುಟ್ಟುವ ಚಡಾವು ಜೋಡು. ಅವರು ಬರುವುದು ಕಾಣುವ ಮೊದಲೇ ಕೇಳುತ್ತಿತ್ತು, ಕಲಬೆರಕೆ ಮಾಡಿದವರು ಚೀಲ ಹಿಂದೆ ಸರಿಸಲು ಅಷ್ಟು ಹೊತ್ತು ಸಾಕಾಗುತ್ತಿತ್ತು ಎಂದು ಮಂಡಿಯಲ್ಲಿ ನಗೆಯಾಡುತ್ತಿದ್ದರು.

ಊರಿನ ಹೊಳೆದಂಡೆಯಲ್ಲಿ ಒಂದು ಟೆಂಟು ಸಿನಿಮಾ ಇತ್ತು. ಅದನ್ನು ಕೊಂಡು, ಅದೇ ಜಾಗದಲ್ಲಿ ಜಿಲ್ಲೆಯಲ್ಲೇ ದೊಡ್ಡದೆನ್ನುವಂಥ ಪಕ್ಕಾ ಥಿಯೇಟರು ಕಟ್ಟಲು ಏಕಾಂತಪ್ಪನವರು, ಜವಳಿ ಅಂಗಡಿಯ ಶಿವಕುಮಾರಪ್ಪನವರು ಮತ್ತಿಬ್ಬರು ಪಾಲುದಾರರಾದರು. ಅಷ್ಟು ದೊಡ್ಡ ಹಾಲಿಗೆ ತಕ್ಕ ಪ್ರೊಜೆಕ್ಟರು ಆರಿಸುವ ಕೆಲಸ ಏಕಾಂತಪ್ಪನವರ ಪಾಲಿಗೆ ಬಂತು. ಬಂತು ಎನ್ನುವುದಕ್ಕಿಂತ ಅವರೇ ಕಿತ್ತುಕೊಂಡರು ಎನ್ನಬೇಕು. ಅದರ ಹಿಂದೆ ಅವರು ಯಾರಿಗೂ ಹೇಳದ ಒಂದು ಕಾರಣವಿತ್ತು. ಅವರ ಪತ್ನಿ ಬಸಮ್ಮನವರಿಗೆ ಸಿನಿಮಾ ಎಂದರೆ ಪ್ರಾಣ. ಟೆಂಟಿನಲ್ಲಿ ಹೆಂಗಸರ ಬೆಂಚುಗಳು ತಟ್ಟಿಯ ಆಚೆ, ಎಲ್ಲಕ್ಕಿಂತ ಹಿಂದೆ. ಅಲ್ಲಿಗೆ ತೆರೆಯ ಮೇಲಿನದೆಲ್ಲ ಮಸುಕು ಮಸುಕು. ಅಳುವುದು ಕೇಳುತ್ತದೆ, ಕಣ್ಣೀರು ಕಾಣುವುದಿಲ್ಲ ಎಂದು ಆಕೆ ಎಂದೋ ಒಮ್ಮೆ ಊಟಕ್ಕೆ ಬಡಿಸುತ್ತಾ ಹೇಳಿದ್ದರು. ಹೆಂಡತಿಯ ಮುಂದೆ ಪ್ರೀತಿ ತೋರುವುದು ನಾಚಿಕೆಗೇಡೆಂದು ತಿಳಿದ ಕಾಲದ ಗಂಡಸಾದ ಏಕಾಂತಪ್ಪನವರು ಆ ಮಾತನ್ನು ಕೇಳಿಸಿಕೊಳ್ಳದವರಂತೆ ಕೈತೊಳೆದು, ಮರೆಯದೆ ಇಟ್ಟುಕೊಂಡಿದ್ದರು.

ಬೆಂಗಳೂರಿನಿಂದ ಬಂದ ಕಂಪನಿಯ ಏಜೆಂಟು ಬಣ್ಣದ ಕ್ಯಾಟಲಾಗು ಬಿಡಿಸಿ, ಇಷ್ಟು ಆಂಪಿಯರು, ಇಷ್ಟಗಲದ ಕನ್ನಡಿ ಎಂದು ಪಠಿಸಿದ. ಹಾಳೆಯ ಮೇಲೆ ಎಲ್ಲ ಯಂತ್ರವೂ ಸೂರ್ಯನೇ ಎಂದು ಏಕಾಂತಪ್ಪನವರು ಅದನ್ನು ಮಡಿಸಿ ವಾಪಸು ಕೊಟ್ಟರು. ಅವರ ಪರೀಕ್ಷೆ ಒಂದೇ: ಮೊದಲ ಸಾಲಿನಲ್ಲಿ ತಿರುಗಿ ಕೂತವನಿಗೆ ಕೊನೆಯ ಸಾಲಿನವರ ಗುರುತು ಸಿಗಬೇಕು. ತೆರೆಯಿಂದ ಮರಳಿದ ಬೆಳಕು ಅಲ್ಲಿಯವರೆಗೆ ಮುಟ್ಟಿತೆಂದರೆ ತೆರೆಯ ಮೇಲಿನದೂ ಅವರಿಗೆ ಕಂಡೇ ಕಾಣುತ್ತದೆ. ಕೊನೆಗೆ ಹೆಬ್ಬೆರಳು ಗಾತ್ರದ ಕಾರ್ಬನ್ ಕಡ್ಡಿ ಉರಿಸುವ, ದೊಡ್ಡ ಪಟ್ಟಣದ ಹಾಲುಗಳಿಗೆಂದೇ ಮಾಡಿದ ಜೋಡಿ ಯಂತ್ರ ಅವರ ಮನಸ್ಸಿಗೆ ಬಂತು. ನಮ್ಮೂರಿಗೆ ಇಷ್ಟು ಬೆಳಕು ಯಾಕೆ ಎಂದು ಶಿವಕುಮಾರಪ್ಪನವರು ತಗಾದೆ ತೆಗೆದರು. "ಹಿಂದೆ ಕುಂತೋರೂ ಮನುಷ್ಯರೇ ಅಲ್ವೇನ್ರಿ?" ಎಂದರು ಏಕಾಂತಪ್ಪನವರು. ಆ ಮಾತು ಊರಲ್ಲಿ ಹರಡಿ ಅವರಿಗೆ ದೊಡ್ಡ ಹೆಸರು ತಂದಿತು.

ಮೊದಲ ಆಟದ ಸಂಜೆ ಹಾಲು ಗಿಜಿಗುಟ್ಟುತ್ತಿತ್ತು. ಏಕಾಂತಪ್ಪನವರು ಪದ್ಧತಿಯಂತೆ ತಿರುಗಿ ಕೂತರು. ದೀಪಗಳು ಆರಿ, ಯಂತ್ರದ ಬೆಳಕು ತೆರೆಗೆ ಬಡಿದು ಮರಳಿದಾಗ ಇಡೀ ಹಾಲು ಬೆಳದಿಂಗಳ ಅಂಗಳದಂತೆ ತೆರೆದುಕೊಂಡಿತು. ಬಬ್ಬೂರು ಫಾರಮ್ಮಿನ ಕೂಲಿಯವರು, ಕಚೇರಿಯ ಗುಮಾಸ್ತರು, ಬಾಯಿ ತೆರೆದು ನೋಡುತ್ತಿದ್ದ ಹಳ್ಳಿಗರು, ಒಬ್ಬೊಬ್ಬರ ಮುಖವೂ ಸ್ಪಷ್ಟ. ಅವರ ಎದೆ ಉಬ್ಬಿತು. ಕಣ್ಣು ಹಿಂದಿನ ಹೆಂಗಸರ ಸಾಲಿಗೆ ಹೋಯಿತು, ಅಲ್ಲಿ ಬಸಮ್ಮನವರೂ ಕಂಡರು. ಆಕೆಯ ಭುಜಕ್ಕೆ ಭುಜ ತಾಗಿಸಿ, ಬಬ್ಬೂರಿನಲ್ಲಿ ಕೂಲಿ ಮಾಡುವ, ಹೊಲಗೇರಿಯ ಮಲ್ಲಕ್ಕ ಕೂತಿದ್ದಳು. ಆಕೆಯ ಉಡಿಯ ತುಂಬ ಹುರಿದ ಶೇಂಗಾ. ಬಸಮ್ಮನವರು ತೆರೆಯಿಂದ ಕಣ್ಣು ಕೀಳದೆ ಆ ಉಡಿಗೆ ಕೈಹಾಕುತ್ತಿದ್ದರು, ಸಿಪ್ಪೆ ಒಡೆದು ತಿನ್ನುತ್ತಿದ್ದರು, ಮತ್ತೆ ಕೈಹಾಕುತ್ತಿದ್ದರು. ಕೈಗೆ ದಾರಿ ಹುಡುಕುವ ಅಗತ್ಯವೇ ಇರಲಿಲ್ಲ. ಅದು ಒಂದು ದಿನದ ರೂಢಿಯಲ್ಲ.

ಟೆಂಟಿನ ಮಬ್ಬಿನಲ್ಲಿ ವರ್ಷಗಟ್ಟಲೆ ನಡೆದುಬಂದ ಸ್ನೇಹ ಅದು. ಕಣ್ಣು ಚುರುಕಾಗಿದ್ದ ಮಲ್ಲಕ್ಕ, "ಈಗ ಅಳ್ತಾವ್ಳೆ ಅಮ್ಮಾರೆ, ಈಗ ಸೆರಗಿನಾಗೆ ಒರೆಸ್ಕಂಡ್ಲು" ಎಂದು ಕಿವಿಯಲ್ಲಿ ಹೇಳುವುದು, ಬಸಮ್ಮನವರು ಅದನ್ನು ಕೇಳಿ ತಾವೂ ಕಣ್ಣೊರೆಸಿಕೊಳ್ಳುವುದು. ಮಂಡಿ ಸಾಹುಕಾರನ ಹೆಂಡತಿ ಕೂಲಿಯವಳ ಉಡಿಯಿಂದ ತಿಂದದ್ದು ಕತ್ತಲಲ್ಲಿ ಯಾರಿಗೂ ಕಂಡಿರಲಿಲ್ಲ. ಕಾಣದ್ದರಿಂದ ಯಾರ ಮಡಿಯೂ ಕೆಟ್ಟಿರಲಿಲ್ಲ.

ಏಕಾಂತಪ್ಪನವರು ಎತ್ತ ನೋಡಿ ಕಲ್ಲಾಗಿದ್ದಾರೆಂದು ಪಕ್ಕದಲ್ಲಿದ್ದ ಶಿವಕುಮಾರಪ್ಪನವರೂ ತಿರುಗಿ ನೋಡಿದರು. ನೋಡಿ, ಮತ್ತೆ ಮುಂದಕ್ಕೆ ತಿರುಗಿ, ಮೆಲ್ಲಗೆ ಹೇಳಿದರು:

"ಬೆಳಕು ಭಾಳ ಚೆನ್ನಾಗೈತೆ ಬಿಡ್ರಿ, ಏಕಾಂತಪ್ಪಾರೆ."

ಹಿಂದೆ ಕೂತವರೂ ಮನುಷ್ಯರೇ ಎಂಬ ತಮ್ಮ ಮಾತನ್ನು ಆಗ ಅವರು ಇನ್ನೊಮ್ಮೆ ಹೇಳಬಹುದಿತ್ತು. ಹೇಳಲಿಲ್ಲ. ನನಗೆ ಅವರ ಮೇಲಿರುವ ಸಿಟ್ಟೆಲ್ಲ ಆ ಮೌನದ್ದು. ಮರುದಿನವೇ ಬಡಗಿ ಬಂದ. ಹಿಂಬದಿಯ ಒಂದು ಮೂಲೆಗೆ ಎದೆಮಟ್ಟ ಹಲಗೆ ಹೊಡೆದು, ಪಾಲುದಾರರ ಮನೆಯವರಿಗೆಂದು ಮೆತ್ತನೆಯ ಕುರ್ಚಿಗಳ ಬಾಕ್ಸು ಸಿದ್ಧವಾಯಿತು. ಜಾತಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ, ಸೌಕರ್ಯದ ಮಾತು ಮಾತ್ರ ಬಂತು. ಮಲ್ಲಕ್ಕನನ್ನು ಯಾರೂ ತಡೆಯಲಿಲ್ಲ. ಆಕೆ ಟಿಕೀಟು ಕೊಂಡು ಅದೇ ಜಾಗದಲ್ಲಿ ಕೂತಳು, ಪಕ್ಕದ ಜಾಗಕ್ಕೆ ಸೆರಗು ಹಾಸಿ ಕಾದಳು.

ಬಾಕ್ಸಿನಲ್ಲಿ ಒಂದೇ ಒಂದು ಆಟ ನೋಡಿ ಬಂದ ಬಸಮ್ಮನವರು, ಗಂಡ ಕೋಟು ಬಿಚ್ಚುವ ತನಕ ಕಾದು, ಇಡೀ ದಾಂಪತ್ಯದಲ್ಲಿ ಆಡದಂಥ ಮಾತೊಂದನ್ನು ಆಡಿದರು.

"ಬೆಳಕಿಗೆ ಹಿಡಿದು ನೋಡಿದ್ರಲ್ಲ. ನಿಮಗೆ ಕಂಡಿದ್ದು ನನ್ನ ಕೈ ಒಂದೇನಾ?"

ಏಕಾಂತಪ್ಪನವರು ಕೋಟನ್ನು ಗೂಟಕ್ಕೆ ಸಿಕ್ಕಿಸಿ ಬಚ್ಚಲಿಗೆ ನಡೆದರು. ಆಕೆ ಮತ್ತೆ ಸಿನಿಮಾಕ್ಕೆ ಹೋಗಲಿಲ್ಲ. ಕಣ್ಣೀರು ಕಾಣಲೆಂದು ತಂದ ಯಂತ್ರ ಆಕೆಯಿಲ್ಲದೆ ದಿನವೂ ಉರಿಯಿತು. ಕೆಲವು ವಾರಗಳ ಮೇಲೆ ಮಲ್ಲಕ್ಕ ಮಂಡಿಯ ಮೆಟ್ಟಿಲ ಕೆಳಗೆ ನಿಂತು, "ಅಮ್ಮಾರು ಕಾಣಾಕಿಲ್ಲ, ಮೈಯಾಗೆ ಹುಷಾರಿಲ್ವೇನ್ರಿ?" ಎಂದು ಕೇಳಿದಳು. ಏಕಾಂತಪ್ಪನವರು ಶೇಂಗಾ ಚೀಲಕ್ಕೆ ಕೈಹಾಕಿ, ಆಕೆಯ ಮುಖ ನೋಡದೆ, ಹೂಂ ಎಂದರು. ಆಕೆ ಉಡಿಯಲ್ಲಿದ್ದ ಪೊಟ್ಟಣವನ್ನು ಅಮ್ಮಾರಿಗೆಂದು ಮೆಟ್ಟಿಲ ಮೇಲಿಟ್ಟು ಹೋದಳು. ಅದು ಮನೆ ಮುಟ್ಟಲಿಲ್ಲ.

ಥಿಯೇಟರಿಗೆ ಒಳ್ಳೆಯ ಹೆಸರು ಬಂತು. ಭರಮಸಾಗರದ ಕಡೆಯಿಂದಲೂ ಜನ ಆ ಬೆಳಕನ್ನು ನೋಡಲೆಂದೇ ಬಂದರು. ಹೊಸದಾಗಿ ಹಾಲು ಕಟ್ಟುವವರು ಯಂತ್ರ ಆರಿಸಲು ಅವರ ಸಲಹೆ ಕೇಳಿದರು, ಅವರೂ ಕೊಟ್ಟರು. ಆದರೆ ಆ ಮೊದಲ ಸಂಜೆಯ ನಂತರ ಏಕಾಂತಪ್ಪನವರು ಎಂದೂ ತಿರುಗಿ ಕೂರಲಿಲ್ಲ. ಎಲ್ಲರಂತೆ ತೆರೆಯ ಕಡೆ ಮುಖ ಮಾಡಿ ಕೂತರು.

ಇಂಥವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಬೀದಿದೀಪ ಹಾಕಿಸುವವರು, ಶಾಲೆಗೆ ಜಾಗ ಬಿಡುವವರು, ಕೊನೆಯ ಸಾಲಿನವರಿಗೂ ಕಾಣಬೇಕೆಂದು ಪ್ರಾಮಾಣಿಕವಾಗಿ ಹಟ ಹಿಡಿಯುವವರು ಇವರೇ. ಕೊನೆಯ ಸಾಲಿನವರು ಇವರಿಗೆ ಕಂಡುಬಿಟ್ಟ ದಿನ ಮಾತ್ರ ಬಡಗಿಗೆ ಹೇಳಿಕಳಿಸುತ್ತಾರೆ.